ಹಾಯಿಕ್ ಊರಿನ ಉಪಾಧ್ಯಾಯರು

ದೂರದರ್ಶನದ ಮುಂದೆ ಕುಳಿತವನಿಗೆ ಆಟವು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಕಾಣುವುದನ್ನೇ ಮತ್ತೆ ಹೇಳುವ ವೀಕ್ಷಕ ವಿವರಣೆಗಾರನ ಅಗತ್ಯವೇನು? ಸ್ಕಾಟ್ಲೆಂಡಿನ ಕ್ರೀಡಾಪ್ರಸಾರದ ಇತಿಹಾಸದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳಿವೆ.

ಅಲ್ಲಿನ ‘ಸ್ಕಾಟ್‌ಸ್ಪೋರ್ಟ್’ ಕಾರ್ಯಕ್ರಮವು 1957ರಲ್ಲಿ ಮೊದಲಾಗಿ 2008ರವರೆಗೆ ನಡೆಯಿತು. 1989ರವರೆಗೆ ಅದರ ನಿರೂಪಕರಾಗಿದ್ದ ಆರ್ಥರ್ ಮಾಂಟ್‌ಫರ್ಡ್ ತಮ್ಮ ನಾಡಿನ ಫುಟ್‌ಬಾಲ್ ತಂಡ ಆಡುವಾಗ ಮನಸ್ಸನ್ನು ಮುಚ್ಚಿಡುತ್ತಿರಲಿಲ್ಲ. ಆಟಗಾರನಿಗೆ ಕೇಳಿಸುವುದೋ ಎಂಬಂತೆ ಎಚ್ಚರಿಕೆಯ ಮಾತನ್ನೂ ಕೂಗಿಬಿಡುತ್ತಿದ್ದರು. ನೋಡುವವರ ಸುಖದುಃಖವೇ ಅವರ ದನಿಯಾಗಿತ್ತು. ಅದನ್ನು ದೋಷವೆನ್ನಲಾರೆ. ಆದರೂ ನನ್ನ ಒಲವು ಬಿಲ್ ಮೆಕ್‌ಲಾರೆನ್ನರ ಕಡೆಗೆ. ನಾನೂ ಉಪಾಧ್ಯಾಯನಾಗಿದ್ದುದು ಇದಕ್ಕೆ ಕಾರಣವಿರಬಹುದು!

ಹಾಯಿಕ್ ಎಂಬ ಸಣ್ಣ ಊರಿನ ಮೆಕ್‌ಲಾರೆನ್ ಒಳ್ಳೆಯ ರಗ್ಬಿ ಆಟಗಾರರು. ಕ್ಷಯರೋಗವು ಅವರನ್ನು ಆಟದ ಅಂಗಳದಿಂದ ದೂರಮಾಡಿತು. ಚೇತರಿಸಿಕೊಂಡು ದೈಹಿಕ ಶಿಕ್ಷಣದ ಉಪಾಧ್ಯಾಯರಾದರು. ಬಿಬಿಸಿಯಲ್ಲಿ ಹೆಸರಾದ ಮೇಲೂ 1987ರವರೆಗೆ ಶಾಲೆಯನ್ನು ಬಿಡಲಿಲ್ಲ. ಪಂದ್ಯಕ್ಕೆ ಮುನ್ನ ತಂಡಗಳ ಅಭ್ಯಾಸವನ್ನು ನೋಡಿ, ಒಬ್ಬೊಬ್ಬ ಆಟಗಾರನ ವಿವರವನ್ನೂ ದೊಡ್ಡ ಹಾಳೆಯೊಂದರ ತುಂಬ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಮಾತಾಗಿ ಹೊರಬರುತ್ತಿದ್ದುದು ಸ್ವಲ್ಪವೇ. ಉಳಿದುದು ವ್ಯರ್ಥವೇ? ಅಲ್ಲ. ಎದುರಾಳಿಯನ್ನೂ ಅಷ್ಟೇ ಶ್ರದ್ಧೆಯಿಂದ ಅರಿತುಕೊಂಡಿದ್ದರಿಂದಲೇ ಅವರು ಅವನನ್ನು ಮನಸಾರೆ ಹೊಗಳಬಲ್ಲವರಾಗಿದ್ದರು.

1990ರ ಮಾರ್ಚ್ 17ರಂದು ಎಡಿನ್‌ಬರೋದ ಮರ್ರೇಫೀಲ್ಡಿನಲ್ಲಿ ಸ್ಕಾಟ್ಲೆಂಡ್ ತಂಡವು ಇಂಗ್ಲೆಂಡನ್ನು 13–7ರಿಂದ ಸೋಲಿಸಿತು. ಇಂಗ್ಲೆಂಡಿನ ಜೆರೆಮಿ ಗಸ್ಕಾಟ್, ಸ್ಕಾಟ್ಲೆಂಡಿನ ಟೋನಿ ಸ್ಟ್ಯಾಂಗರ್ ಇಬ್ಬರೂ ಚೆಂಡನ್ನು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರು. ಎರಡನ್ನೂ ವರ್ಣಿಸಿದ ದನಿ ಮೆಕ್‌ಲಾರೆನ್ನರದು. ಸ್ಟ್ಯಾಂಗರ್ ಹಾಯಿಕ್‌ನಲ್ಲಿ ಅವರ ಕೈಯಲ್ಲೇ ಆಟ ಕಲಿತ ಹುಡುಗ.