ಕಾರಿಗೆ ನಡುಕ, ಜೇಬಿಗೆ ಜ್ವರ

ಕಾರು ನಡುಗುತ್ತಿದೆ ಅಂತ ಬಾಯಿ ಬಿಟ್ಟರೆ ಸಾಕು, ನಮ್ಮ ಡೊಂಬಿವಲಿಯಲ್ಲಿ ಪ್ರತಿಯೊಬ್ಬರೂ ಡಾಕ್ಟರೇ ಮಾರಾಯ್ರೆ! ಸೊಸೈಟಿಯ ಸೆಕ್ರೆಟರಿ "ಪೆಟ್ರೋಲಿನಲ್ಲಿ ಕಸ ಇರಬೇಕು" ಅಂದರು. ಲೋಕಲ್ ಟ್ರೇನಿನ ಗೆಳೆಯ "ಎಲ್ಲಾ ಈ ಇ20 ಮಹಿಮೆ" ಅಂದ. ಊರಿಂದ ಫೋನ್ ಮಾಡಿದ ಭಾವ "ಹದಿನೈದು ವರ್ಷ ದಾಟಿದ ಗಾಡಿ, ಮಾರಿಬಿಡಿ ಅತ್ಲಾಗೆ" ಎಂದು ತೀರ್ಪೇ ಕೊಟ್ಟರು. ಬಾನೆಟ್ ಎತ್ತಿ ನೋಡಿದವರು ಮಾತ್ರ ಒಬ್ಬರೂ ಇಲ್ಲ.

ನನ್ನದು 2009ರ ಪೆಟ್ರೋಲ್ ಕಾರು, ಎಂಎಚ್ 05 ನಂಬರು. ಕಲ್ಯಾಣದ ಆರ್‌ಟಿಒಗೆ ಅಲೆದು ಐದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡವನು ನಾನು. ಮಳೆಗಾಲದ ಒಂದು ಸಂಜೆ ಶಿಳ್‌ಫಾಟಾ ಜಾಮಿನಲ್ಲಿ ನಿಂತಾಗ ಸ್ಟೀರಿಂಗ್ ಹಿಡಿದ ಕೈಯೇ ನಡುಗತೊಡಗಿತು. ಏಸಿ ಹಾಕಿದರೆ ಇಡೀ ಗಾಡಿ ಮೈಮೇಲೆ ದೇವರು ಬಂದ ಹಾಗೆ ಕುಣಿಯುತ್ತಿತ್ತು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಹೇಳುವುದಾದರೆ ಇಂಜಿನ್ "ಮಿಸ್ಸಿಂಗ್".

ಠಾಣೆಯ ಗ್ಯಾರೇಜೊಂದರಲ್ಲಿ ನಾಲ್ಕೂ ಪ್ಲಗ್ ಬದಲಾಯಿಸಿ, ಇಂಜೆಕ್ಟರ್ ತೊಳೆದು, ಐದು ಸಾವಿರ ತೆಗೆದುಕೊಂಡರು. ಎರಡು ದಿನ ಸುಮ್ಮನಿತ್ತು, ಮೂರನೇ ದಿನ ಮತ್ತೆ ಅದೇ ಕುಣಿತ. ಕಲ್ಯಾಣದ ಇನ್ನೊಂದು ಗ್ಯಾರೇಜಿನಲ್ಲಿ ಶಬ್ದ ಕೇಳಿಯೇ "ಹಾಫ್ ಇಂಜಿನ್ ಕಾ ಕಾಮ್ ನಿಕಲೇಗಾ ಸಾಬ್, ಚಾಲೀಸ್ ಹಜಾರ್" ಅಂದರು. ಶಬ್ದ ಕೇಳಿಯೇ! ಒಂದು ಬೋಲ್ಟ್ ಬಿಚ್ಚಿರಲಿಲ್ಲ. ಮೇ ತಿಂಗಳಲ್ಲಿ ಇದೇ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಕೊಲ್ಹಾಪುರ, ನಿಪ್ಪಾಣಿ, ಹುಬ್ಬಳ್ಳಿ ದಾರಿಯಲ್ಲಿ ಊರಿಗೆ ಹೋಗಿ ಬಂದಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ.

ನನ್ನ ತಕರಾರು ಇಷ್ಟೇ. ಇದು ರಿಪೇರಿ ಅಲ್ಲ, ಜೂಜು. ನಮ್ಮ ಕಾಸಿನಲ್ಲಿ ಅವರು ಆಡುವ ಜೂಜು. ಒಂದು ಪಾರ್ಟ್ ಹಾಕಿ ನೋಡು, ಆಗಲಿಲ್ಲವೇ, ಇನ್ನೊಂದು ಹಾಕು. ತಲೆನೋವು ಅಂತ ಹೋದವನಿಗೆ ಮೊದಲು ಹಲ್ಲು ಕಿತ್ತು, ಆಮೇಲೆ ಕನ್ನಡಕ ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ?

ನಡುಕಕ್ಕೂ ಒಂದು ಭಾಷೆ ಇದೆ ಸ್ವಾಮಿ. ಯಾವಾಗ ನಡುಗುತ್ತದೆ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ನಿಂತಾಗ ಗಡಗಡ ಅಂದು, ಎಕ್ಸಲೇಟರ್ ಒತ್ತಿದ ಕೂಡಲೇ ಇಂಜಿನ್ ನಯವಾದರೆ ಎಲ್ಲೋ ರಬ್ಬರ್ ಪೈಪ್ ಸೀಳಿ ಕಳ್ಳಗಾಳಿ ಒಳಗೆ ಹೋಗುತ್ತಿರಬಹುದು, ಇಲ್ಲವೇ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಇಂಜಿನ್ ಸದ್ದು ಸರಿಯಾಗಿಯೇ ಇದ್ದು ಸೀಟು ಮಾತ್ರ ನಡುಗಿದರೆ ಇಂಜಿನ್ ಮೌಂಟಿಂಗಿನ ರಬ್ಬರ್ ಸತ್ತಿರುತ್ತದೆ. ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಮಾತ್ರ ಜಗ್ಗಿದರೆ ಕ್ಲಚ್ ನೋಡಿ. ಪಾಮ್ ಬೀಚ್ ರೋಡಿನಲ್ಲಿ ವೇಗ ಹಿಡಿದಾಗ ಮಾತ್ರ ಸ್ಟೀರಿಂಗ್ ಅದುರಿದರೆ ಚಕ್ರದ ಬ್ಯಾಲೆನ್ಸಿಂಗ್. ಖಂಡಾಲಾ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮಾತ್ರ ಅದುರಿದರೆ ಡಿಸ್ಕ್. ಇಷ್ಟರಲ್ಲಿ ಒಂದಕ್ಕೂ ಹಾಫ್ ಇಂಜಿನ್ ಬಿಚ್ಚಬೇಕಾಗಿಲ್ಲ.

ಕೊನೆಗೆ ತುರ್ಭೆಯ ಒಂದು ತಗಡಿನ ಶೆಡ್ಡಿನಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಸಿಕ್ಕಿದರು. ಮೊದಲು ಪ್ರಶ್ನೆ ಕೇಳಿದರು. ಶುರುವಾಗಿದ್ದು ಯಾವಾಗ? ಅದಕ್ಕೆ ಮುಂಚೆ ಏನು ಮಾಡಿಸಿದ್ರಿ? ಆಗ ನೆನಪಾಯಿತು, ಹಿಂದಿನ ವಾರ ಪ್ರೆಶರ್ ಪೈಪ್ ಹಿಡಿದು ಇಂಜಿನ್ ತೊಳೆಸಿದ್ದೆ! ಅವರು ಇಂಜಿನ್ ಚಾಲೂ ಇಟ್ಟು ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಹಾಕಿದರು. ಒಂದನೆಯದು ತೆಗೆದಾಗ ಇಂಜಿನ್ ಇನ್ನಷ್ಟು ಕುಗ್ಗಿತು, ಎರಡನೆಯದು, ನಾಲ್ಕನೆಯದು ತೆಗೆದಾಗಲೂ ಹಾಗೆಯೇ. ಮೂರನೆಯದು ತೆಗೆದರೆ ಏನೂ ವ್ಯತ್ಯಾಸವೇ ಇಲ್ಲ. ಅಂದರೆ ಮೂರನೇ ಸಿಲಿಂಡರ್ ಮೊದಲೇ ಮಲಗಿತ್ತು. ಆಮೇಲೆ ಮೂರನೆಯದರ ಇಗ್ನಿಷನ್ ಕಾಯಿಲ್ ಎರಡಕ್ಕೆ, ಎರಡರದ್ದು ಮೂರಕ್ಕೆ ಹಾಕಿದರು. ರೋಗ ಎರಡಕ್ಕೆ ಹಾರಿತು, ಮೂರು ಎದ್ದು ಕೂತಿತು. ಕಳ್ಳ ಸಿಕ್ಕಿಬಿದ್ದ. ಕಾಯಿಲಿನ ರಬ್ಬರ್ ಬೂಟ್ ಬಿರಿದು ಒಳಗೆ ನೀರು ಹೋಗಿತ್ತು. ಪ್ಲಗ್ ಬದಲಾಯಿಸಬೇಕಾದರೆ ಆ ಕಾಯಿಲನ್ನು ಕೈಯಲ್ಲಿ ಹಿಡಿದು ಹೊರಗೆ ತೆಗೆಯಲೇಬೇಕು. ಐದು ಸಾವಿರ ತೆಗೆದುಕೊಂಡವರಿಗೆ ಆ ಬಿರುಕು ಕಾಣಲಿಲ್ಲವೇ?

ಇನ್ನು ಇ20 ವಿಷಯ. ಎಥನಾಲಿಗೆ ಪೆಟ್ರೋಲಿನಷ್ಟು ಕಸುವಿಲ್ಲ, ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೇ ಗಾಡಿಯ ರಬ್ಬರಿಗೆ ಅದು ಒಗ್ಗದೇ ಹೋಗಬಹುದು. ಇದೆಲ್ಲ ಒಪ್ಪುತ್ತೇನೆ. ಆದರೆ ಟ್ಯಾಂಕ್ ಒಂದೇ, ನಾಲ್ಕೂ ಸಿಲಿಂಡರಿಗೆ ಹೋಗುವುದು ಅದೇ ಪೆಟ್ರೋಲ್. ಪೆಟ್ರೋಲೇ ಕೆಟ್ಟಿದ್ದರೆ ಮೂರನೆಯದು ಮಾತ್ರ ಯಾಕೆ ಮಲಗಬೇಕು? ಇಷ್ಟು ಸಣ್ಣ ಪ್ರಶ್ನೆ ಕೇಳದೆ ಸರಕಾರವನ್ನು ಬಯ್ದರೆ ಕಾರು ರಿಪೇರಿ ಆಗುವುದಿಲ್ಲ.

ಈಗಿನವರು ಸ್ಕ್ಯಾನರ್ ಹಿಡಿದು "ಪಿ0303 ಬಂತು, ಕಾಯಿಲ್ ಹಾಕಿ" ಅನ್ನುತ್ತಾರೆ. ಆ ಕೋಡ್ ಹೇಳುವುದು ಮೂರನೆಯದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ. ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರ್ರೋ, ಇಲಿ ಕಡಿದ ವೈರೋ, ಅದನ್ನು ಹುಡುಕಬೇಕಾದವನು ಮನುಷ್ಯ. ಇನ್ನು ಯಾರಾದರೂ ಹಾಫ್ ಇಂಜಿನ್ ಅಂದರೆ ಒಂದೇ ಮಾತು ಹೇಳಿ: "ಕಂಪ್ರೆಶನ್ ಗೇಜ್ ಹಾಕಿ, ನಾಲ್ಕೂ ಸಿಲಿಂಡರಿನ ಲೆಕ್ಕ ಬರೆದು ಕೊಡಿ." ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಲೆಕ್ಕ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಇದನ್ನು ಮಾಡಲು ಒಪ್ಪದವನಿಗೆ ನಲವತ್ತು ಸಾವಿರ ಯಾಕೆ ಕೊಡಬೇಕು? ಹಾಗಂತ ನಡುಗುವ ಗಾಡಿಯನ್ನು ಹಾಗೇ ಓಡಿಸಬೇಡಿ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟರೆ ಆಮೇಲೆ ದೊಡ್ಡ ಖರ್ಚು.

ಇಷ್ಟೆಲ್ಲ ಬಯ್ದ ಮೇಲೆ ನನ್ನನ್ನೂ ಬಯ್ದುಕೊಳ್ಳಬೇಕು. ತುರ್ಭೆಯ ಮೇಸ್ತ್ರಿ ಕಾಯಿಲಿನ ದುಡ್ಡು ಬಿಟ್ಟು ನೋಡಿದ್ದಕ್ಕೆ ಮುನ್ನೂರು ರೂಪಾಯಿ ಕೇಳಿದರು. ನನ್ನ ಬಾಯಿಂದ ಬಂದ ಮಾತೇನು ಗೊತ್ತೇ? "ಇಪ್ಪತ್ತು ನಿಮಿಷಕ್ಕೆ ಮುನ್ನೂರಾ?" ಅವರು ಸುಮ್ಮನೆ ನಕ್ಕರು. ಪಾರ್ಟಿಗೆ ಐದು ಸಾವಿರ ಚಕಾರ ಎತ್ತದೆ ಕೊಟ್ಟವನು ನಾನೇ. ಬುದ್ಧಿಗೆ ಮುನ್ನೂರು ಕೊಡುವಾಗ ಚೌಕಾಸಿ! ಬಿಲ್ಲಿನಲ್ಲಿ ಕಣ್ಣಿಗೆ ಕಾಣುವ ಸಾಮಾನು ಇದ್ದರೆ ಮಾತ್ರ ನಮಗೆ ಸಮಾಧಾನ. ಕಂಡುಹಿಡಿದದ್ದಕ್ಕೆ ನಾವು ಕಾಸು ಕೊಡುವುದಿಲ್ಲ, ಅದಕ್ಕೇ ಅವರು ಪಾರ್ಟ್ ಮಾರುತ್ತಾರೆ. ಈ ಜೂಜಿನ ಅಡ್ಡೆ ಕಟ್ಟಿದ್ದರಲ್ಲಿ ನಮ್ಮ ಪಾಲೂ ಇದೆ.

ಮುನ್ನೂರರ ಮೇಲೆ ಇನ್ನೂರು ಸೇರಿಸಿ ಕೊಟ್ಟು ಬಂದೆ, ಮುಖ ಕೆಂಪಾಗಿತ್ತು. ಭಾವ ಮೊನ್ನೆ ಮತ್ತೆ ಫೋನ್ ಮಾಡಿದ್ದರು. "ಏನು, ಗಾಡಿ ಮಾರಿದ್ರಾ?" ಅಂದರು. "ಇಲ್ಲ ಭಾವ, ಮೇ ತಿಂಗಳಲ್ಲಿ ಅದರಲ್ಲೇ ಬರುತ್ತೇವೆ" ಅಂದೆ.