ಆಡಂಬರವೆಂಬ ಅಪವಾದ

ಬ್ರಿಟಿಷ್ ರಾಕ್ ಸಂಗೀತದ ಚರಿತ್ರೆ ಬರೆಯುವವರ ಬಳಿ ಒಂದು ಸಿದ್ಧ ಕಥೆಯಿದೆ. ಎಪ್ಪತ್ತರ ದಶಕದ ಮೊದಲಲ್ಲಿ ಕೆಲವರು ಸೊಕ್ಕಿನಿಂದ ರಾಕನ್ನು ಸಿಂಫನಿ ಮಾಡಹೊರಟರು, 1976-77ರಲ್ಲಿ ಪಂಕ್ ಹುಡುಗರು ಬಂದು ಆ ಕಸವನ್ನೆಲ್ಲ ಗುಡಿಸಿದರು, ಲೋಕಕ್ಕೆ ಸಮಾಧಾನವಾಯಿತು. ಈ ಕಥೆಯ ಖಳನ ಪಾತ್ರಕ್ಕೆ ಎಳೆದು ತರುವುದು ಬಹುಮಟ್ಟಿಗೆ ರಿಕ್ ವೇಕ್‌ಮನ್‌ನನ್ನೇ. ಉದ್ದ ಕೂದಲು, ಮಿಂಚುವ ನಿಲುವಂಗಿ, ಸುತ್ತ ಕೀಬೋರ್ಡುಗಳ ಕೋಟೆ. ವೇಷ ನೋಡಿ ತೀರ್ಪು ಕೊಡುವುದು ಸುಲಭ. ನನ್ನ ತಕರಾರು ಇರುವುದೇ ಅಲ್ಲಿ.

1973ರ ಜನವರಿಯಲ್ಲಿ ಬಂದ ಆತನ 'ದಿ ಸಿಕ್ಸ್ ವೈವ್ಸ್ ಆಫ್ ಹೆನ್ರಿ ದಿ ಎಯ್ತ್' ತಟ್ಟೆಯನ್ನೇ ತೆಗೆದುಕೊಳ್ಳಿ. ಎಂಟನೇ ಹೆನ್ರಿಯ ಆರು ರಾಣಿಯರಿಗೆ ಆರು ರಚನೆಗಳು. ಹಾಡುವ ನಾಯಕನೇ ಇಲ್ಲ. ಇಂಗ್ಲೆಂಡಿನ ಜನ ಕೊಂಡು ಕೇಳಿ ಅದನ್ನು ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿಸಿದರು. ಪ್ರದರ್ಶನದ ಚಟ ಎನ್ನುತ್ತಾರೆ ವಿಮರ್ಶಕ ಮಹಾಶಯರು.

ಆ ಕೋಟೆಯ ಸಂಗತಿಯನ್ನೇ ನೋಡೋಣ. ಅಂದಿನ ಮಿನಿಮೂಗ್ ಸಿಂಥಸೈಸರಿನಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ ಹೊರಡುತ್ತಿತ್ತು. ಹೊಂದಿಸಿದ ನಾದವನ್ನು ನೆನಪಿಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಬೇರೆ ನಾದ ಬೇಕಾದರೆ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಬೇಕು. ಮೆಲೊಟ್ರಾನಿನ ಪಾಡು ಇನ್ನೂ ವಿಚಿತ್ರ. ಪ್ರತಿ ಕೀಲಿಯ ಕೆಳಗೂ ಒಂದು ತುಂಡು ಟೇಪು, ಅದರಲ್ಲಿ ಯಾರೋ ಮೊದಲೇ ನುಡಿಸಿಟ್ಟ ಪಿಟೀಲು ಅಥವಾ ಹಾಡಿಟ್ಟ ದನಿ. ಒತ್ತಿ ಹಿಡಿದರೆ ಸುಮಾರು 8 ಸೆಕೆಂಡು ನುಡಿದು ಟೇಪು ಮುಗಿಯುತ್ತದೆ. ಬೆರಳೆತ್ತಿ ಮತ್ತೆ ಒತ್ತಬೇಕು. ಇಂಥ ಕುಂಟು ಯಂತ್ರಗಳಿಂದ ವಾದ್ಯವೃಂದದ ತುಂಬುನಾದ ತೆಗೆಯಲು ಹೊರಟವನ ಸುತ್ತ ಹತ್ತು ಪೆಟ್ಟಿಗೆ ಇದ್ದರೆ ಅದು ದರ್ಬಾರಲ್ಲ ಸ್ವಾಮಿ, ಬಡಗಿಯ ಸುತ್ತ ಉಳಿ-ಕೊಡತಿ ಬಿದ್ದಿರುವ ಹಾಗೆ.

ಇನ್ನೊಂದು ಆರೋಪ: ಶಾಸ್ತ್ರೀಯ ಸಂಗೀತದ ಎರವಲು ಬಟ್ಟೆ ತೊಟ್ಟ ಎಂದು. ಎರವಲು ಯಾರದು? ಆತ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತು, ಅರ್ಧಕ್ಕೇ ಬಿಟ್ಟು, ಸ್ಟುಡಿಯೋಗಳಲ್ಲಿ ಕೂಲಿಗೆ ನುಡಿಸಿದವನು. 1969ರಲ್ಲಿ ಡೇವಿಡ್ ಬೋವಿಯ 'ಸ್ಪೇಸ್ ಆಡಿಟಿ'ಗೆ ಮೆಲೊಟ್ರಾನ್, 1971ರಲ್ಲಿ 'ಲೈಫ್ ಆನ್ ಮಾರ್ಸ್'ಗೆ ಪಿಯಾನೊ ನುಡಿಸಿದ್ದೂ ಇದೇ ಬೆರಳುಗಳು. ಬೋವಿಯ ಬೆನ್ನ ಹಿಂದಿದ್ದಾಗ ಅದು ಸೂಕ್ಷ್ಮತೆ. ತನ್ನ ಹೆಸರಿನಲ್ಲಿ ನುಡಿಸಿದರೆ ಜಂಬ! ನಮ್ಮ ಕಚೇರಿಗಳಲ್ಲಿ ತನಿ ಆವರ್ತನ ನುಡಿಸಿದ ಮೃದಂಗದವರನ್ನು ಯಾರೂ ಜಂಬಗಾರರೆನ್ನುವುದಿಲ್ಲ.

ಎಲ್ಲವನ್ನೂ ಸಮರ್ಥಿಸಲು ನಾನು ವಕಾಲತ್ತು ಹಾಕಿಲ್ಲ. 1975ರಲ್ಲಿ ಆರ್ಥರ್ ರಾಜನ ಕಥೆಯನ್ನು ವೆಂಬ್ಲಿಯಲ್ಲಿ ಮಂಜುಗಡ್ಡೆಯ ಮೇಲೆ ಆಡಿಸಿದ್ದಕ್ಕೆ ನನಗೂ ನಗು ಬರುತ್ತದೆ. ಈ ತಟ್ಟೆಯಲ್ಲೇ 'ಆನ್ ಆಫ್ ಕ್ಲೀವ್ಸ್' ಎಂಬ ಬಿರುಸಿನ ರಚನೆಗೂ 1540ರಲ್ಲಿ ಮದುವೆ ರದ್ದಾಗಿ ಬದಿಗೆ ಸರಿದ ಆ ರಾಣಿಗೂ ಏನು ಸಂಬಂಧವೋ ತಿಳಿಯದು. ಆದರೆ 1975ರ ಮಂಜುಗಡ್ಡೆಗೆ 1973ರ ಸಂಗೀತ ಏಕೆ ದಂಡ ತೆರಬೇಕು?

ಮೂರು ಕಾರ್ಡ್ ಕಲಿತು ಗಿಟಾರ್ ಹಿಡಿಯಿರಿ ಎಂದ ಪಂಕಿನವರ ಮೇಲೆ ನನಗೆ ಕೋಪವಿಲ್ಲ. ಗುರುವೂ ದುಡ್ಡೂ ಇಲ್ಲದ ಹುಡುಗರಿಗೆ ಅದು ತೆರೆದ ಬಾಗಿಲು. ಕೋಪವಿರುವುದು ಆ ಬಾಗಿಲನ್ನೇ ಬೇಲಿ ಮಾಡಿದವರ ಮೇಲೆ. ನಾಲ್ಕನೆಯ ಕಾರ್ಡ್ ಕಲಿತವನು ಕಪಟಿ, ಸಾಧನೆ ಮಾಡಿದವನಿಗೆ ಹೃದಯವಿಲ್ಲ ಎಂಬುದನ್ನು ಇವರು ಶಾಸ್ತ್ರವಾಗಿಸಿದರು. ದಿನಕ್ಕೆ ನಾಲ್ಕು ತಾಸು ಪಿಯಾನೊ ಮುಂದೆ ಕೂರುವ ಮಗುವಿಗೆ ಇದಕ್ಕಿಂತ ಕ್ರೂರವಾದ ಪಾಠ ಬೇಕೇ?

ಮಗ ಹುಟ್ಟಿದ 12 ದಿನಕ್ಕೆ, 1537ರಲ್ಲಿ, ಜೇನ್ ಸೀಮೋರ್ ತೀರಿಕೊಂಡಳು. ಅವಳ ಹೆಸರಿನ ರಚನೆಗೆ ವೇಕ್‌ಮನ್ ಸ್ಟುಡಿಯೋ ಬಿಟ್ಟು ಲಂಡನ್ನಿನ ಸೇಂಟ್ ಗೈಲ್ಸ್ ಕ್ರಿಪಲ್‌ಗೇಟ್ ಚರ್ಚಿಗೆ ಹೋಗಿ, ಅಲ್ಲಿನ ಕೊಳವೆ ಆರ್ಗನ್ ನುಡಿಸಿದ. ಸಿಂಥಸೈಸರ್ ಬರುವುದು ಆಮೇಲೆ. ಅದನ್ನು ಪೂರ್ತಿ ಕೇಳಿ, ಜಂಬ ಯಾವ ಸ್ವರದಲ್ಲಿದೆಯೆಂದು ಮಹನೀಯರು ಬೆರಳಿಟ್ಟು ತೋರಿಸಲಿ.