ಈಜು ಬಾರದವರ ಜಲವಿಹಾರ

ಕಳೆದ ದೀಪಾವಳಿಯಂದು ಕುರಕುಂಟಾದ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ವಾದವೊಂದು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಅಂದು ಅಲ್ಲಿದ್ದವರಲ್ಲಿ ಅನೇಕರು ಇದನ್ನು ಓದುವವರೇ ಆದುದರಿಂದ, ಊಟಕ್ಕೆ ಕರೆ ಬಂದು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿಗೊಳಿಸುತ್ತೇನೆ. ಯಾರಿಗಾದರೂ ಕೋಪ ಬಂದರೆ ಬರಲಿ. ಈ ಮಾಸ್ತರನ ಕೋಪವನ್ನು ನೀವು ಸಹಿಸಿದವರೇ ಅಲ್ಲವೆ?

ವಾದಕ್ಕೆ ಕಾರಣ ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನು ಎಂಟು ವರ್ಷಗಳಿಂದ, ಮಳೆಗಾಲವೊಂದನ್ನು ಬಿಟ್ಟು, ರಜೆ ಸಿಕ್ಕಾಗಲೆಲ್ಲ ಹೆಂಡತಿ ಮತ್ತು ಮಗಳೊಡನೆ ಮುರ್ಡೇಶ್ವರಕ್ಕೆ ಹೋಗುತ್ತಾನೆ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಸಾಗಿದರೆ ನೇತ್ರಾಣಿ ದ್ವೀಪ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಿನೊಳಗೆ ಇಳಿದು ಮೀನು, ಹವಳಗಳ ಛಾಯಾಚಿತ್ರ ತೆಗೆಯುವುದು ಅವನ ಹವ್ಯಾಸ. (ಆ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿದ್ದು. ವಿಜ್ಞಾನ ಕಲಿಸಿದವನಿಗೆ ಇದನ್ನು ತಿದ್ದದೆ ಮುಂದೆ ಹೋಗಲಾಗದು.) ದೋಣಿ ಹತ್ತಿದರೆ ಹೆಂಡತಿಗೆ ವಾಂತಿ, ಆಕೆಯೂ ಮಗಳೂ ದಡದಲ್ಲೇ ಉಳಿಯುತ್ತಾರೆ. ಸಂಜೆ ಮೂವರೂ ಕುಳಿತು ಅಂದಿನ ಚಿತ್ರಗಳನ್ನು ನೋಡುತ್ತ, ಪುಸ್ತಕ ತೆರೆದು, ಕಂಡ ಮೀನುಗಳ ಹೆಸರು ಹುಡುಕುತ್ತಾರೆ. ಕುಟುಂಬದ ವಿಹಾರವೆಂದರೆ ಇಷ್ಟೇ.

ಅಂದು ನಮ್ಮ ಹಿರಿಯರೊಬ್ಬರು, "ನೀರಾಗ ಮುಳುಗಿ ಮೀನಿಂದು ಫೋಟೊ ತೆಗಿಲಿಕ್ಕ ಇಷ್ಟು ರೊಕ್ಕ ಸುರೀತಾನ. ಇದೇ ರೊಕ್ಕದಾಗ ಸೇಡಂದಾಗ ಒಂದು ಪ್ಲಾಟ್ ಬರ್ತಿತ್ತು" ಎಂದರು. ಈ ಮಾತಿಗೆ ಉತ್ತರ ಕೊಡುವ ಅಗತ್ಯವೇ ನನಗೆ ಕಾಣುವುದಿಲ್ಲ. ದುಡಿದವನ ಹಣ, ದುಡಿದವನ ರಜೆ. ಪ್ಲಾಟು ಕೊಂಡವರೆಲ್ಲ ಸುಖವಾಗಿದ್ದಾರೆಂದು ನಾನಂತೂ ಕೇಳಿಲ್ಲ.

ನನ್ನನ್ನು ಕೆಣಕಿದ್ದು ಇನ್ನೊಬ್ಬ ಬಂಧುವಿನ ಮಾತು. ಆತ ಮೊಬೈಲು ತೆರೆದು ತೋರಿಸುತ್ತ ಹೇಳಿದ: "ನಾವೂ ಹೋಗಿ ಬಂದೇವಿ ನೋಡ್ರಿ ಮಾಸ್ತರ್. ಏನೂ ಕಲಿಯೂದು ಬ್ಯಾಡ, ಈಜೂ ಬ್ಯಾಡ. ಅವರೇ ಹಿಡಕೊಂಡು ಮುಳುಗಸ್ತಾರ, ಅವರೇ ಫೋಟೊ ತೆಗೆದು ಕೊಡ್ತಾರ." ಚಿತ್ರದಲ್ಲಿ ಅವನ ಹದಿಮೂರು ವರ್ಷದ ಮಗ ಮುಖವಾಡದೊಳಗಿಂದ ಕಣ್ಣರಳಿಸಿ ಹೆಬ್ಬೆರಳು ಎತ್ತಿದ್ದ. ಪಾಪ, ಮೇಲಕ್ಕೆ ಎತ್ತಿದ ಹೆಬ್ಬೆರಳಿಗೆ ನೀರಿನೊಳಗೆ ‘ನನ್ನನ್ನು ಮೇಲೆ ಕರೆದೊಯ್ಯಿರಿ’ ಎಂಬ ಅರ್ಥವಿದೆ; ‘ಎಲ್ಲ ಸರಿಯಿದೆ’ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ತೋರಿಸಬೇಕು. ಪಕ್ಕದಲ್ಲಿದ್ದ ತರಬೇತುದಾರ ಅದನ್ನು ಮನ್ನಿಸಿರಬೇಕು.

‘ಗಂಧದ ಗುಡಿ’ಯಲ್ಲಿ (2022) ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದುದನ್ನು ಕಂಡ ಮೇಲೆ ನಮ್ಮ ಕಡೆಯಿಂದಲೂ ಜನ ಅತ್ತ ಹೊರಟಿದ್ದಾರೆ. ಆರುನೂರು ಕಿ.ಮೀ. ದೂರವೂ ಈಗ ದೂರವಲ್ಲ. ಈಜು ಬಾರದವರನ್ನು ನುರಿತವರು ಹಿಡಿದುಕೊಂಡು ಒಮ್ಮೆ ಮುಳುಗಿಸಿ ತರುವುದು ತಪ್ಪಲ್ಲ. ಅವರ ಮೇಲೆ ನನ್ನ ದೂರೂ ಇಲ್ಲ. ದೂರು ಇರುವುದು ನಮ್ಮ ಮೇಲೆ. ಆ ಅರ್ಧ ಗಂಟೆಯ ಚಿತ್ರವನ್ನು ತೋರಿಸಿ ‘ನಮ್ಮ ಹುಡುಗನಿಗೆ ನೀರಿನ ಭಯ ಹೋಯಿತು’ ಎಂದು ಹೆಮ್ಮೆಪಡುತ್ತೇವಲ್ಲ, ಅದನ್ನು ಒಪ್ಪಲಾರೆ. ಭಯ ಹೋಗಿ ವಿದ್ಯೆ ಬಾರದಿದ್ದರೆ ಆ ಹುಡುಗ ಮೊದಲಿಗಿಂತ ಹೆಚ್ಚು ಅಪಾಯದಲ್ಲಿದ್ದಾನೆ.

ನನ್ನ ಅಳಿಯ ಹೇಗೆ ಕಲಿತ ಎಂಬುದನ್ನು ಕೇಳಿರಿ. ಮೊದಲ ಹಂತದ ಪ್ರಮಾಣಪತ್ರಕ್ಕೇ 200 ಮೀಟರ್ ಈಜಬೇಕು, ಏನನ್ನೂ ಹಿಡಿಯದೆ 10 ನಿಮಿಷ ನೀರಿನ ಮೇಲೆ ತೇಲಬೇಕು. ಆಮೇಲೆಯೇ ಉಳಿದದ್ದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆತುಂಬ ಎಳೆದ ಉಸಿರನ್ನು ಬಿಗಿಹಿಡಿದು ಗಾಬರಿಯಿಂದ ಮೇಲೇರಿದರೆ ಆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು. ಆದುದರಿಂದ ಅವರ ಮೊದಲ ಪಾಠವೇ ಉಸಿರು ಕಟ್ಟಬಾರದೆಂಬುದು. ಒಂಬತ್ತನೆಯ ತರಗತಿಯಲ್ಲಿ ನಿಮ್ಮಲ್ಲಿ ಅರ್ಧ ಜನ ನಿದ್ದೆ ಮಾಡಿದ ಬಾಯ್ಲನ ನಿಯಮ ಇದೇ.

ಇನ್ನು ಅವನ ಛಾಯಾಚಿತ್ರಗಳ ಮಾತು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕುಂಕುಮವೂ ಬೂದಿಯಂತೆ ಕಾಣತೊಡಗುತ್ತದೆ. ಉಳಿಯುವುದು ನೀಲಿ, ಹಸಿರು. ಬಣ್ಣ ಮರಳಬೇಕಾದರೆ ಬೆಳಕನ್ನು ಜೊತೆಗೆ ಒಯ್ಯಬೇಕು. ಬೆಳಕನ್ನು ನೇರವಾಗಿ ಎದುರಿಗೆ ಹಿಡಿದರೋ, ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಅಕ್ಕಿನುಚ್ಚು ಚೆಲ್ಲಿದಂತಾಗುತ್ತದೆ. ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಮುಖವಾಡದ ಗಾಜಿನ ಮೂಲಕ ವಸ್ತು ಮೂರನೆಯ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಬಟ್ಟಲಲ್ಲಿ ನಾಣ್ಯವಿಟ್ಟು ನೀರು ಹೊಯ್ದು ವಕ್ರೀಭವನ ಕಲಿಸುತ್ತ ಒಂದು ಆಯುಷ್ಯ ಕಳೆದ ನನಗೆ, ಆ ಬಟ್ಟಲಿನೊಳಗೇ ಇಳಿದು ಕುಳಿತವನೊಬ್ಬ ನಮ್ಮ ವಂಶದಲ್ಲಿ ಹುಟ್ಟಿದನಲ್ಲ ಎಂಬ ಸಂತೋಷ. ಬಂಡೆಯ ಸಂದಿನಲ್ಲಿದ್ದ ಮೊರೆ ಹಾವುಮೀನೊಂದರ ಚಿತ್ರಕ್ಕಾಗಿ ಅವನು ಮೂರು ರಜೆಗಳನ್ನು ಕಳೆದಿದ್ದಾನೆ. ಕಾಲಿನ ರೆಕ್ಕೆ ಹವಳಕ್ಕೆ ತಾಗದಂತೆ, ಕೆಳಗಿನ ಮರಳು ಏಳದಂತೆ, ಉಸಿರಿನ ಹದದಿಂದಲೇ ಒಂದೆಡೆ ನಿಶ್ಚಲವಾಗಿ ತೇಲಲು ಬಾರದವನಿಗೆ ಆ ಚಿತ್ರ ಸಿಗುವುದಿಲ್ಲ. ಹವಳ ಕಲ್ಲಲ್ಲ, ಜೀವಿ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯ ಪಂಕ್ತಿಗೆ, ಸೇರಿಸಲಾಗಿದೆ. ಕೈಯೂರಿ ನಿಂತು ಫೋಟೊ ತೆಗೆಸಿಕೊಂಡವರು ಹುಲಿಯ ಬೆನ್ನ ಮೇಲೆ ಕೈಯೂರುತ್ತಿದ್ದರೆ?

ಈ ಎಲ್ಲದರ ಬುಡದಲ್ಲಿರುವುದು ಈಜು. ಅದನ್ನು ಬಿಟ್ಟು ತುದಿಯ ಚಿತ್ರವನ್ನಷ್ಟೇ ನಾವು ಮನೆಗೆ ತರುತ್ತಿದ್ದೇವೆ.

‘ನಮ್ಮದು ಬಿಸಿಲಿನ ಸೀಮೆ, ಈಜು ಯಾಕೆ’ ಎಂದು ಕೇಳುವವರಿದ್ದಾರೆ. ನಾವು ನಿಂತಿರುವ ಈ ಸುಣ್ಣಕಲ್ಲೇ ಮೀನುಗಳು ಇನ್ನೂ ಹುಟ್ಟಿರದ ಕಾಲದ ಕಡಲ ತಳ! ಅದಿರಲಿ, ಇಂದಿನ ಮಾತಿಗೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯಲ್ಲಿ ಕಲ್ಲು ತೆಗೆದಲ್ಲೆಲ್ಲ ಗುಂಡಿ, ಗುಂಡಿಯಲ್ಲಿ ಮಳೆಯ ನೀರು. ಫರಸಿ ಕಲ್ಲು ಪದರಪದರವಾಗಿ ಏಳುವುದರಿಂದ ಗಣಿಯ ಅಂಚು ಗೋಡೆಯಂತೆ ನೆಟ್ಟಗೆ ಇಳಿದಿರುತ್ತದೆ. ಕೆರೆಗಿರುವ ಇಳಿಜಾರು ಅದಕ್ಕಿಲ್ಲ. ಒಂದು ಹೆಜ್ಜೆಗೆ ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ನೆಲವೇ ಇಲ್ಲ.

ನಾನು ಕಲಿಸುತ್ತಿದ್ದ ಏಳನೆಯ ಇಯತ್ತೆಯ ಹುಡುಗನೊಬ್ಬ ಒಂದು ಶ್ರಾವಣದಲ್ಲಿ ಅಂಥ ಗಣಿಯಲ್ಲಿ ಮುಳುಗಿದ. ಅವನ ಹೆಸರನ್ನು ಬರೆಯುವುದಿಲ್ಲ. ಅವನೊಡನೆ ಕುಳಿತು ಓದಿದವರು ಮರೆತಿರಲಾರರು. ಕಾಗಿಣಾ ದಂಡೆಯಿಂದ ಬಂದ ಮೀನುಗಾರನೊಬ್ಬ, ಮುಖವಾಡವಿಲ್ಲ, ಸಿಲಿಂಡರಿಲ್ಲ, ಬರಿಯ ಉಸಿರು ಹಿಡಿದು ಮೂರನೆಯ ಬಾರಿ ಮುಳುಗಿದಾಗ ಹುಡುಗ ಸಿಕ್ಕ. ಮರುದಿನ ಪ್ರಾರ್ಥನೆಯ ಹೊತ್ತಿಗೆ ನಾನು ಮಾಡಿದ್ದೇನು? ನೀರಿನ ಹತ್ತಿರ ಹೋದವರ ಕಾಲು ಮುರಿಯುತ್ತೇನೆಂದು ಗದರಿಸಿದೆ. ಅದೇ ತಿಂಗಳು ಇಬ್ಬರನ್ನು ಬೆತ್ತದಿಂದ ಹೊಡೆದೆ ಕೂಡ. ಒಂಬತ್ತನೆಯ ವಯಸ್ಸಿನಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನಮ್ಮಜ್ಜ ಹೊಲದ ಬಾವಿಯಲ್ಲಿ ನನಗೆ ಈಜು ಕಲಿಸಿದ್ದರು. ವಿದ್ಯೆ ನನ್ನಲ್ಲಿತ್ತು. ಮಕ್ಕಳಿಗೆ ನಾನು ಕೊಟ್ಟದ್ದು ಬೆತ್ತ. ಪಾಠಪಟ್ಟಿಯಲ್ಲಿ ಇಲ್ಲದ್ದನ್ನು ನಾನೇಕೆ ಕಲಿಸಲಿ ಎಂದು ಆಗ ಸಮಾಧಾನ ಹೇಳಿಕೊಂಡಿದ್ದೆ. ಈಗ ಆ ಸಮಾಧಾನ ನಿಲ್ಲುತ್ತಿಲ್ಲ.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಇದೇ ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಅನಂತರ ಆದದ್ದು ಕೆಲಕಾಲ ಕಡಲತೀರಕ್ಕೆ ಪ್ರವೇಶ ನಿಷೇಧ. ನಿಷೇಧವೆಂದರೆ ಸರಕಾರದ ಬೆತ್ತ. ಕಡಲಿನ ಸೆಳೆತದಲ್ಲಿ ಈಜು ಬಲ್ಲವರೂ ಸೋಲುತ್ತಾರೆ, ಒಪ್ಪುತ್ತೇನೆ. ಆದರೆ ಯಾವ ನೀರಿಗೆ ಇಳಿಯಬಾರದೆಂಬುದನ್ನೂ ನೀರಿನೊಡನೆ ಬಳಕೆಯಿದ್ದವರೇ ತಿಳಿಯಬಲ್ಲರು. ನಮ್ಮ ಹೆಣ್ಣುಮಕ್ಕಳಿಗಂತೂ ಆ ಬಳಕೆ ಹೊಲದ ಬಾವಿಯಲ್ಲಿಯೂ ದೊರೆಯಲಿಲ್ಲ.

‘ಈಜು ಬಲ್ಲವನೇ ಮುಳುಗುವುದು’ ಎಂದು ಅಂದು ಒಬ್ಬರು ಗಾದೆಯಂತೆ ಹೇಳಿದರು. ಸೊಕ್ಕಿನಿಂದ ಮುಳುಗಿದವರಿದ್ದಾರೆ. ಆದರೆ ಭಾರತದಲ್ಲಿ ಪ್ರತಿವರ್ಷ ಮುಳುಗಿ ಸಾಯುವ ಮೂವತ್ತು ಸಾವಿರಕ್ಕೂ ಹೆಚ್ಚು ಜನರೆಲ್ಲ ಈಜುಪಟುಗಳೇ? ಶಾಲೆಯ ವಯಸ್ಸಿನ ಮಕ್ಕಳಿಗೆ ಈಜಿನ ಜೊತೆಗೆ ನೀರಿನ ಎಚ್ಚರವನ್ನೂ, ಮುಳುಗುವವನನ್ನು ತಾನು ಮುಳುಗದೆ ಕಾಪಾಡುವ ಬಗೆಯನ್ನೂ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೆಳೆಯ ಮುಳುಗುವಾಗ ತಾನೂ ಹಾರದೆ ಹಗ್ಗವನ್ನೋ ಧೋತರವನ್ನೋ ಎಸೆಯುವುದು, ಇದನ್ನು ಕಲಿಸಲು ಈಜುಕೊಳವೇ ಬೇಕಿಲ್ಲ.

ಹವ್ಯಾಸದ ಮುಳುಗುವಿಕೆ ಯಾರಿಗೂ ಉಪಯೋಗವಿಲ್ಲ ಎಂಬ ಮಾತೂ ಬಂತು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿ ನದಿಯ ಪಾಲಾದಾಗ, ಕೆಸರು ನೀರಿನ ಸೆಳವಿಗೆ ಇಳಿದು ಹುಡುಕಿದವರಲ್ಲಿ ಮಲ್ಪೆಯ ಈಶ್ವರ ಮಲ್ಪೆ ಒಬ್ಬರು. ಅವರು ಸರಕಾರಿ ನೌಕರರಲ್ಲ. ನಮ್ಮ ಗಣಿಗಳಿಗೆ ಅಂಥ ಒಬ್ಬರನ್ನು ಕರೆಯಬೇಕಾದರೆ ಎಷ್ಟು ತಾಸು ಕಾಯಬೇಕು, ಲೆಕ್ಕ ಹಾಕಿರಿ.

ನೇತ್ರಾಣಿಯ ಒಂದು ದಿನದ ಖರ್ಚಿನಲ್ಲಿ ಎಷ್ಟು ಮಕ್ಕಳಿಗೆ ಹಗ್ಗ, ತೇಲುವ ಜಾಕೀಟು ತರಬಹುದೆಂದು ಅಳಿಯನನ್ನು ಕೇಳಿದೆ. ಅವನು ಬರುವ ಬೇಸಿಗೆಯ ರಜೆಯಲ್ಲಿ ಹದಿನೈದು ದಿನ ಇಲ್ಲಿಗೇ ಬರುತ್ತೇನೆಂದಿದ್ದಾನೆ. ಮೆಟ್ಟಿಲಿರುವ, ನೀರು ಬತ್ತದ ಬಾವಿ ನಿಮ್ಮಲ್ಲಿ ಯಾರ ಹೊಲದಲ್ಲಿದೆ? ತಿಳಿಸಿರಿ. ಹೆಣ್ಣುಮಕ್ಕಳಿಗೆ ಕಲಿಸಲು ಈಜು ಬಲ್ಲ ಹೆಣ್ಣುಮಗಳೊಬ್ಬಳು ಬೇಕು. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಇದ್ದೀರಾ?

ಅವನ ಮಗಳಿಗೆ ಈಗ ಹನ್ನೊಂದು ವರ್ಷ. ಹತ್ತು ತುಂಬಿದವರಿಗೆ ಆ ತರಬೇತಿಗೆ ಅವಕಾಶವಿದ್ದರೂ, ಹತ್ತು ನಿಮಿಷ ತೇಲುವವರೆಗೆ ನೇತ್ರಾಣಿಯ ಹೆಸರೆತ್ತಬೇಡ ಎಂದು ಅಪ್ಪನ ಅಪ್ಪಣೆ. ಮೊನ್ನೆ ಫೋನಿನಲ್ಲಿ, "ಅಜ್ಜ, ಆರು ನಿಮಿಷ ಆಯ್ತು. ಮೂಗಿಗೆ ನೀರು ಹೋಯ್ತು, ಇಲ್ಲಾಂದ್ರ ಏಳು ಆಗ್ತಿತ್ತು" ಎಂದಳು.